ಬುಲೆಟ್‌ಗೆ ನೀರಿನ ಬ್ಯಾಟರಿಯೋ, ಸೀಲ್ಡ್ ಬ್ಯಾಟರಿಯೋ? ಹಾಕಿಸಿದವರು ಹೇಳಿ

ಹಾಸನ_350: 2014ರ ಕ್ಲಾಸಿಕ್ 350, ಸೆಲ್ಫೂ ಇದೆ, ಕಿಕ್ಕರೂ ಇದೆ. 12 ವೋಲ್ಟ್ 14 ಎಎಚ್ (ಆಂಪಿಯರ್ ಅವರ್, ಅಂದ್ರೆ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ) ಬ್ಯಾಟರಿ ಕೂತುಹೋಗಿದೆ. ಗಾಡಿ ಹೊರಗೆ ಹೋಗೋದು ವಾರಕ್ಕೊಮ್ಮೆ. ಎರಡಕ್ಕೂ ಸುಮಾರು ಸಾವಿರ ರೂಪಾಯಿ ವ್ಯತ್ಯಾಸ ಹೇಳ್ತಿದ್ದಾರೆ. ಯಾವುದು ಹಾಕಿಸಲಿ?

ಕಲಬುರಗಿ_ಬುಲೆಟ್: ನೀರಿಂದೇ ಹಾಕಸ್ರಿ. ನಮ್ಮ ಕಡೆ ಬ್ಯಾಸಗ್ಯಾಗ 42 ಡಿಗ್ರಿ ದಾಟತದ, ಇಂಜಿನ್ ಕಾವು ಬ್ಯಾರೆ. ಸೀಲ್ಡ್ ಒಳಗ ಗಾಜಿನೆಳೆ ಹಾಸು ಹೀರಿಕೊಂಡಷ್ಟೇ ಆಸಿಡ್ ಇರ್ತದ. ಅದು ಒಣಗಿದ್ರ ಮ್ಯಾಲಿಂದ ಹನಿ ನೀರು ಹಾಕಾಕ ಬರಂಗಿಲ್ಲ, ಪೂರಾ ರೊಕ್ಕ ಗುಜರಿಗೆ. ನೀರಿಂದಾದ್ರ ಆರೂ ಮುಚ್ಚಳ ಬಿಚ್ಚಿ ಹೈಡ್ರೋಮೀಟರ್ (ಆಸಿಡ್ ಗ್ರಾವಿಟಿ, ಅಂದ್ರ ಸಾಂದ್ರತೆ ತೋರಿಸೋ ಕೊಳವಿ) ಇಟ್ಟು ನೋಡಬಹುದು. ಐದು ಸೆಲ್ಲಿನಾಗ 1.240 ಇದ್ದು ಒಂದರಾಗ 1.150 ಬಂದ್ರ ಆ ಸೆಲ್ ಹೋಗ್ಯದ. ಆರರಾಗೂ ಒಂದೇ ಸಮ ಕಮ್ಮಿ ಇದ್ರ ಚಾರ್ಜ್ ಸಾಲವಲ್ದು, ಬ್ಯಾಟರಿ ಛಲೋನೇ ಇರಬಹುದು. ಇನ್ನೊಂದು, ಆಸಿಡ್ ಸುರುವಿ ಅರ್ಧ ತಾಸಿಗೆ ಕೈಗೆ ಕೊಟ್ರ ತಗೋಬ್ಯಾಡ್ರಿ. 1.4 ಆಂಪಿಯರ್‌ನಾಗ ಮೊದಲ ಚಾರ್ಜ್ ಆಗಬೇಕು, ಗ್ರಾವಿಟಿ ಏರೋದು ನಿಲ್ಲೋ ತನಕ.

ಕುಡ್ಲ_ರೈಡರ್: ಬೇಡವೇ ಬೇಡ ಮಾರಾಯ್ರೆ. ನೀರಿನ ಬ್ಯಾಟರಿಯಲ್ಲಿ ಉಳಿದದ್ದು ಸಾವಿರ. ಸರ್ವಿಸ್‌ನವರು ಬ್ರೀದರ್ ಪೈಪನ್ನು (ಬ್ಯಾಟರಿಯ ಆಸಿಡ್ ಹಬೆ ಹೊರಗೆ ಬಿಡುವ ಪೈಪು) ಚೈನಿನ ಮೇಲೆ ಬಿಟ್ಟದ್ದಕ್ಕೆ ಹೋದದ್ದು ಇಷ್ಟು: ಚೈನ್ ಸ್ಪ್ರಾಕೆಟ್ 2,400, ಬ್ಯಾಟರಿ ಬಾಕ್ಸ್ ಕೆರೆದು ಪೇಂಟ್ 1,200, ಮಜೂರಿ 600. ಸೈಲೆನ್ಸರಿನ ಕ್ರೋಮ್ ಎದ್ದದ್ದು ಹಾಗೆಯೇ ಉಂಟು. ಇಲ್ಲಿನ ಉಪ್ಪು ಗಾಳಿಗೆ ಟರ್ಮಿನಲ್ ಮೊದಲೇ ಹಸಿರು ಕಟ್ಟುತ್ತದೆ, ಅದರ ಮೇಲೆ ಆಸಿಡ್ ಹಬೆ ಯಾಕೆ? ಸೀಲ್ಡ್‌ನಲ್ಲಿ ಗ್ಯಾಸ್ ಒಳಗೇ ನೀರಾಗುತ್ತದೆ, ಒತ್ತಡ ಹೆಚ್ಚಾದರೆ ಮಾತ್ರ ವಾಲ್ವ್ ತೆರೆಯುವುದು.

ಕಲಬುರಗಿ_ಬುಲೆಟ್: ಪೈಪ್ ತಪ್ಪು ಬಿಟ್ಟವರ ಸಿಟ್ಟು ಬ್ಯಾಟರಿ ಮ್ಯಾಲ ಯಾಕ್ರಿ? ಸ್ವಿಂಗ್‌ಆರ್ಮ್ (ಹಿಂದಿನ ಗಾಲಿ ಹಿಡಿದಿರೋ ತೋಳು) ಕೆಳಗ ಇಳಿಸಿ, ಚೈನಿಂದ ದೂರ ಇಟ್ಟು, ಎಲ್ಲೂ ಮಡಚದಂಗ ಕಟ್ಟಿದ್ರ ಆತು. ಮ್ಯಾಲಿನ ಗೆರೆ ದಾಟಿ ನೀರು ಹಾಕಿದ್ರೂ ಆಸಿಡ್ ಉಕ್ಕತದ.

ಕುಡ್ಲ_ರೈಡರ್: ಪ್ರತಿ ಸಲ ಗಾಡಿ ಬಿಟ್ಟು ಬಂದ ಮೇಲೆ ಕೆಳಗೆ ಬಗ್ಗಿ ಪೈಪ್ ನೋಡುತ್ತಾ ಕೂರಬೇಕಾ? ಮುಚ್ಚಳ ತೆಗೆಯುವ ಕೆಲಸವೇ ಇಲ್ಲದ್ದು ಇರುವಾಗ?

ಮೈಸೂರು_ಯೆಜ್ಡಿ: ಇಬ್ಬರೂ ರೆಕ್ಟಿಫೈಯರ್ (ಗಾಡಿ ಓಡುವಾಗ ಬ್ಯಾಟರಿಗೆ ಹೋಗೋ ಚಾರ್ಜನ್ನ ಹದ್ದುಬಸ್ತಲ್ಲಿಡೋ ಭಾಗ) ವಿಷಯವನ್ನೇ ಎತ್ತಲಿಲ್ಲ. ಹೊಸ ಬ್ಯಾಟರಿ ಕೊಳ್ಳೋ ಮುಂಚೆ ಫುಲ್ ಚಾರ್ಜ್ ಇರೋ ಬ್ಯಾಟರಿ ಕೂರಿಸಿ, ಗಾಡಿ ಸ್ಟಾರ್ಟ್ ಮಾಡಿ, ರೇಸ್ ಕೊಟ್ಟು ಟರ್ಮಿನಲ್ ಮೇಲೆ ಮೀಟರ್ ಹಿಡೀರಿ. 13.8ರಿಂದ 14.5 ವೋಲ್ಟ್ ಇದ್ರೆ ಸರಿ. 15 ದಾಟಿದ್ರೆ ರೆಕ್ಟಿಫೈಯರ್ ಹೋಗಿದೆ. ಸೀಲ್ಡ್ ಹಾಕಿದ್ರೆ ಹೊಟ್ಟೆ ಉಬ್ಬಿಸಿಕೊಂಡು ಸಾಯುತ್ತೆ. ನೀರಿನದ್ದರಲ್ಲಿ ಮಟ್ಟ ಬೇಗ ಬೇಗ ಇಳಿದು ಸೂಚನೆನಾದ್ರೂ ಸಿಗುತ್ತೆ. ಅದಕ್ಕೇ ನಮ್ಮ 6 ವೋಲ್ಟ್ ಡೈನಮೋ ಇರೋ ಹಳೇ ಯೆಜ್ಡಿ ಬೈಕಿಗೆ ನೀರಿನದ್ದೇ. ಅದರ ಕಟೌಟ್ (ಡೈನಮೋ ಚಾರ್ಜನ್ನ ಹಿಡಿತದಲ್ಲಿಡೋ ಸ್ವಿಚ್) ಪಾಯಿಂಟ್ ಏರುಪೇರಾದ್ರೆ ಸೀಲ್ಡ್ ತಡೆಯಲ್ಲ.

ಕಲಬುರಗಿ_ಬುಲೆಟ್: ಹೌದ್ರಿ. ನೀರು ಇಳಿದಾಗ ಎಸಿ ಇಂದ ಬರೋ ನೀರು ಹಾಕಿದ್ರೂ ನಡೀತದ, ಡಿಸ್ಟಿಲ್ಡ್ ಖರ್ಚೂ ಇಲ್ಲ.

ಮೈಸೂರು_ಯೆಜ್ಡಿ: ದಯವಿಟ್ಟು ಇದನ್ನ ಯಾರಿಗೂ ಹೇಳಬೇಡಿ ಸಾರ್. ಎಸಿ ನೀರು ತಾಮ್ರ, ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಹರಿದು ಧೂಳು ತೊಳ್ಕೊಂಡು ಬರುತ್ತೆ. ತಾಮ್ರ, ಕಬ್ಬಿಣದ ಅಂಶ ಒಳಗೆ ಸೇರಿದ್ರೆ ನಿಂತಲ್ಲೇ ಚಾರ್ಜ್ ಇಳಿಯುತ್ತೆ. ನೀರು ಕಮ್ಮಿ ಆಯ್ತು ಅಂತ ಆಸಿಡ್ ಹಾಕೋದು ಇದಕ್ಕಿಂತ ಕೆಟ್ಟದ್ದು. ಆವಿಯಾಗೋದು ನೀರು ಮಾತ್ರ, ಆಸಿಡ್ ಅಲ್ಲೇ ಇರುತ್ತೆ.

ಕಲಬುರಗಿ_ಬುಲೆಟ್: ನಾ ಹಾಕಿದ ಬ್ಯಾಟರಿ ಇವತ್ತೂ ಸೆಲ್ಫ್ ಹೊಡೀತದ. ಪುಸ್ತಕ ಓದಿ ಹೇಳೋರಿಗೆ ಏನು ಹೇಳೋಣ.

ಹಾಸನ_350: ಅಣ್ಣಂದಿರಾ, ನನ್ನ ಗಾಡಿ ವಾರಪೂರ್ತಿ ನಿಂತಿರುತ್ತೆ. ಅದಕ್ಕೆ ಯಾವುದು?

ವೈರಿಂಗ್_ಕೆಲಸ: ನಿಲ್ಲೋ ಗಾಡಿಗೆ ಸೀಲ್ಡ್ ಒಳ್ಳೇದು, ತಾನಾಗಿ ಚಾರ್ಜ್ ಇಳಿಯೋದು ನಿಧಾನ. ಮೊದಲು ಕರೆಂಟ್ ಸೋರಿಕೆ ನೋಡಿ. ಕೀ ಆಫ್, ನೆಗೆಟಿವ್ ಬಿಚ್ಚಿ ಕೇಬಲ್‌ಗೂ ಟರ್ಮಿನಲ್‌ಗೂ ನಡುವೆ ಮೀಟರನ್ನ 10 ಆಂಪಿಯರ್‌ಗೆ ಇಟ್ಟು ಸೇರಿಸಿ, ಆಮೇಲೆ ಮಿಲಿ ಆಂಪಿಯರ್‌ಗೆ ಇಳಿಸಿ. ಅಲಾರ್ಮ್, ಜಿಪಿಎಸ್ 30 ಮಿಲಿ ಆಂಪಿಯರ್ ಎಳೀತಿದ್ರೆ ದಿನಕ್ಕೆ 0.72 ಎಎಚ್, ವಾರಕ್ಕೆ 5 ಎಎಚ್. 14ರಲ್ಲಿ ಮೂರನೇ ಒಂದು ಭಾಗ ಹೋಯ್ತು. ಮೀಟರ್ ಹಾಗೇ ಇಟ್ಟು ಸೆಲ್ಫ್ ಒತ್ತಬೇಡಿ, ಅದರ ಫ್ಯೂಸ್ ಸುಡುತ್ತೆ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಕೊನೆಗೆ. ರಾತ್ರಿಯಿಡೀ ನಿಂತಮೇಲೆ 12.4 ವೋಲ್ಟಿಗಿಂತ ಕಮ್ಮಿ ತೋರಿಸಿದ್ರೆ ಚಾರ್ಜ್‌ಗೆ ಹಾಕಿ. ಹಾಗೇ ಬಿಟ್ರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತೆ.

ಕುಡ್ಲ_ರೈಡರ್: ಕಾರಿನ ಚಾರ್ಜರ್ ಆಗುತ್ತದಾ? ನಮ್ಮಲ್ಲಿ 6 ಆಂಪಿಯರಿಂದು ಉಂಟು.

ವೈರಿಂಗ್_ಕೆಲಸ: ಬೇಡ. 14 ಎಎಚ್‌ಗೆ 1.4 ಆಂಪಿಯರ್ ಸಾಕು, ಸೀಲ್ಡ್ ಆದ್ರೆ ವೋಲ್ಟೇಜ್ 14.8 ದಾಟಬಾರದು. ಕೈ ಇಟ್ಟಾಗ ಬಿಸಿ ಅನಿಸಿದ್ರೆ ತಕ್ಷಣ ತೆಗೀರಿ.