ಹಳೆಯ ಕಾರಿನ ಮೀಟರ್ ಬೋರ್ಡ್ ದೀಪ ಮತ್ತು ವೈರಿಂಗ್: ಎಲೆಕ್ಟ್ರಿಷಿಯನ್ ಅವರೊಂದಿಗೆ ಪ್ರಶ್ನೋತ್ತರ

ಗುಂಪಿನ ನಿರ್ವಾಹಕರು: ಹಾಸನದಲ್ಲಿ ಆಟೋ ಎಲೆಕ್ಟ್ರಿಕಲ್ ಅಂಗಡಿ ನಡೆಸುತ್ತಿರುವ ನಮ್ಮ ಸದಸ್ಯರೊಬ್ಬರು ಈ ಸಂಜೆ ಹಳೆಯ ಕಾರುಗಳ ಮೀಟರ್ ದೀಪ ಮತ್ತು ವೈರಿಂಗ್ ತೊಂದರೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ಕಾರು ಎಷ್ಟು ಹಳೆಯದು, ತೊಂದರೆ ಯಾವಾಗ ಕಾಣಿಸುತ್ತದೆ ಎಂಬುದನ್ನು ತಪ್ಪದೆ ಬರೆಯಿರಿ.

ಬೇಲೂರಿನ ಸದಸ್ಯರು: ನಮಸ್ಕಾರ ಸರ್. ನನ್ನದು 2001ರ ಮಾರುತಿ 800. ಒಂದು ವಾರದಿಂದ ರಾತ್ರಿ ಹೊತ್ತು ಮೀಟರ್ ದೀಪ ಉರಿಯುತ್ತಿಲ್ಲ. ಸ್ಪೀಡ್ ನೋಡಲು ಮೊಬೈಲ್ ಟಾರ್ಚ್ ಹಿಡಿಯಬೇಕಾಗಿದೆ. ಹೆಡ್‌ಲೈಟ್ ಸರಿಯಾಗಿದೆ. ಬೋರ್ಡ್ ಬಿಚ್ಚಿಸಬೇಕೆ?

ಎಲೆಕ್ಟ್ರಿಷಿಯನ್: ನಮಸ್ಕಾರ. ಬೋರ್ಡ್‌ಗೆ ಕೈ ಹಾಕುವ ಮೊದಲು ಪಾರ್ಕಿಂಗ್ ಲೈಟ್ ಹಾಕಿ, ಇಳಿದು ಕಾರಿನ ಹಿಂದೆ ಹೋಗಿ ನೋಡಿ. ಮೀಟರ್ ದೀಪಕ್ಕೂ ಹಿಂಬದಿಯ ಕೆಂಪು ದೀಪಕ್ಕೂ ಕರೆಂಟು ಸಾಮಾನ್ಯವಾಗಿ ಒಂದೇ ಫ್ಯೂಸಿನಿಂದ ಹೋಗುತ್ತದೆ. ಹಿಂದೆಯೂ ಕತ್ತಲೆಯಿದ್ದರೆ ಫ್ಯೂಸ್ ಹೋಗಿದೆ, ನೀವು ವಾರದಿಂದ ಹಿಂಬದಿ ದೀಪವಿಲ್ಲದೆ ಓಡಾಡುತ್ತಿದ್ದೀರಿ ಎಂದು ತಿಳಿಯಿರಿ. ಅಷ್ಟೇ ಆಂಪಿಯರ್‌ನ ಹೊಸ ಫ್ಯೂಸ್ ಹಾಕಿ. ಅದೂ ಹೋದರೆ ಎಲ್ಲೋ ವೈರು ಕಾರಿನ ಲೋಹದ ಮೈಗೆ, ಅಂದರೆ ಬಾಡಿಗೆ, ತಾಗುತ್ತಿದೆ. ಡಿಕ್ಕಿ ಬಾಗಿಲಿನ ಕೀಲಿನ ಬಳಿ ಮಡಚಿ ಮಡಚಿ ಸಿಪ್ಪೆ ಬಿರುಕು ಬಿಟ್ಟ ವೈರನ್ನು ಮೊದಲು ನೋಡಿ. ಹಿಂಬದಿ ದೀಪ ಉರಿದು ಮೀಟರ್ ಮಾತ್ರ ಕತ್ತಲಾಗಿದ್ದರೆ ಆಗ ಬೋರ್ಡ್ ಬಿಚ್ಚಿ, ಬಲ್ಬು, ಹೋಲ್ಡರ್, ವೈರುಗಳನ್ನು ಸೇರಿಸುವ ಕಪ್ಲರ್ ನೋಡಬೇಕು.

ಅರಸೀಕೆರೆಯ ಸದಸ್ಯರು: ಸರ್, 1999ರ ಮಾರುತಿ ಜೆನ್ ಕಾರು. ರಾತ್ರಿ ಮೀಟರ್ ದೀಪ ಬರುವುದಿಲ್ಲ. ಏನು ಮಾಡಬೇಕು?

ಎಲೆಕ್ಟ್ರಿಷಿಯನ್: ಬೇಲೂರಿನವರಿಗೆ ಬರೆದದ್ದನ್ನೇ ಮಾಡಿ.

ಮೂಡಿಗೆರೆಯ ಸದಸ್ಯೆ: ನಮಸ್ಕಾರ. ನಮ್ಮ ತಂದೆಯವರ ಕಾಲದ ಪೆಟ್ರೋಲ್ ಕಾರು, 1998ರದು, ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಲು ಕೈಯಲ್ಲಿ ಎಳೆಯುವ ಚೋಕ್ ಇದೆ. ಎರಡು ತಿಂಗಳಿಂದ ಹೆಡ್‌ಲೈಟ್ ಹಾಕಿದರೆ ಮೀಟರ್ ದೀಪ ಮಂಕಾಗುತ್ತದೆ, ಟೆಂಪರೇಚರ್ ಮುಳ್ಳು ಜಾಗ ಬದಲಿಸುತ್ತದೆ. ಬೆಳಿಗ್ಗೆ ಸೆಲ್ಫ್ (ಸ್ಟಾರ್ಟರ್) ಹೊಡೆದರೆ ಎಂಜಿನ್ ನಿಧಾನವಾಗಿ ತಿರುಗುತ್ತದೆ, ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತದೆ. ಮೆಕ್ಯಾನಿಕ್ ಹೊಸ ಬ್ಯಾಟರಿ ಹಾಕಿದರು, ಗುಣವಾಗಲಿಲ್ಲ. ಬಿಗಿಯಾಗಿದೆ ಎಂದು ಆಕ್ಸಿಲರೇಟರ್ ಕೇಬಲ್ ಅನ್ನು ಒಮ್ಮೆ ಬದಲಿಸಿದ್ದಾರೆ, ಅದು ಮತ್ತೆ ಬಿಗಿಯಾಗುತ್ತಿದೆ. ನಿನ್ನೆ ಚೋಕ್ ಎಳೆದು ಸೆಲ್ಫ್ ಹೊಡೆದಾಗ ಚೋಕಿನ ತಂತಿ ಬೆರಳಿಗೆ ಬಿಸಿಯಾಗಿ ತಾಗಿತು. ಬಾನೆಟ್ ಒಳಗಿನ ಫೋಟೋ ಹಾಕಿದ್ದೇನೆ. ಭಾನುವಾರ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಹೋಗಬೇಕಾಗಿದೆ.

ಎಲೆಕ್ಟ್ರಿಷಿಯನ್: ಮೇಡಂ, ಮೊದಲ ಮಾತು, ಈ ಕಾರನ್ನು ಘಾಟಿಗೆ ಇಳಿಸಬೇಡಿ. ಉಳಿದವರು ಸ್ವಲ್ಪ ತಾಳ್ಮೆಯಿಂದಿರಿ, ಇದನ್ನು ನಾನು ವಿವರವಾಗಿ ಬರೆಯಲೇಬೇಕು.

ಚೋಕಿನ ತಂತಿ ಬಿಸಿಯಾಯಿತು ಎಂಬ ಒಂದೇ ಮಾತು ನನಗೆ ಸಾಕು. ಬ್ಯಾಟರಿಯಿಂದ ಸೆಲ್ಫ್ ಮೋಟಾರಿಗೆ ಹೋದ ಕರೆಂಟು ಮರಳಿ ಬ್ಯಾಟರಿಯ ನೆಗೆಟಿವ್‌ಗೆ ಬಂದು ಸೇರಬೇಕು. ನಿಮ್ಮ ಫೋಟೋದಲ್ಲಿ ನೆಗೆಟಿವ್ ಕೇಬಲ್ ಬಾಡಿಗೆ ಕೂತಿದೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಿನಲ್ಲಿ ಕರೆಂಟು ಹರಿಯದು. ಆದ್ದರಿಂದ ಎಂಜಿನ್‌ನಿಂದ ಬಾಡಿಗೆ ದಪ್ಪನೆಯ ಒಂದು ಅರ್ಥಿಂಗ್ ಪಟ್ಟಿ ಇರಲೇಬೇಕು. ಆ ಪಟ್ಟಿ ತುಂಡಾದರೆ, ಅಥವಾ ಅದರ ಬೋಲ್ಟಿನ ಕೆಳಗೆ ತುಕ್ಕು ಹಿಡಿದರೆ, ಕರೆಂಟು ಬೇರೆ ದಾರಿ ಹುಡುಕುತ್ತದೆ. ಎಂಜಿನ್ನನ್ನೂ ಬಾಡಿಯನ್ನೂ ಸೇರಿಸುವ ಬೇರೆ ಲೋಹವೆಂದರೆ ಚೋಕ್, ಆಕ್ಸಿಲರೇಟರ್ ಮತ್ತು ಕ್ಲಚ್ ಕೇಬಲ್‌ಗಳು. ಸೆಲ್ಫ್ ಹೊಡೆಯುವಾಗ ಚಿಕ್ಕ ಕಾರಿನಲ್ಲೂ 100 ಆಂಪಿಯರ್‌ಗೂ ಹೆಚ್ಚು ಕರೆಂಟು ಹರಿಯುತ್ತದೆ. ಅಷ್ಟು ಕರೆಂಟು ಆ ಸಣ್ಣ ತಂತಿಗಳಲ್ಲಿ ಹಾದರೆ ಅವು ಕಾಯುತ್ತವೆ, ಒಳಗಿನ ಪ್ಲಾಸ್ಟಿಕ್ ಕೊಳವೆ ಕರಗಿ ತಂತಿಗೆ ಅಂಟಿಕೊಳ್ಳುತ್ತದೆ. ನಿಮ್ಮ ಆಕ್ಸಿಲರೇಟರ್ ಕೇಬಲ್ ಮತ್ತೆ ಮತ್ತೆ ಬಿಗಿಯಾಗುತ್ತಿರುವುದು ಅದಕ್ಕೇ. ಮೀಟರ್ ದೀಪ ಮಂಕಾಗುವುದು, ಮುಳ್ಳು ಓಲಾಡುವುದು, ಸೆಲ್ಫ್ ನಿಧಾನವಾಗುವುದು, ಈ ಎಲ್ಲದಕ್ಕೂ ಮೂಲ ಒಂದೇ.

ನನಗೆ ಭಯವಿರುವುದು ದೀಪದ ಬಗ್ಗೆ ಅಲ್ಲ. ಘಾಟಿಯ ತಿರುವಿನಲ್ಲಿ ನೀವು ಕಾಲು ತೆಗೆದ ಮೇಲೂ ಆ ಕೇಬಲ್ ಹಿಂದಕ್ಕೆ ಬರದಿದ್ದರೆ ಎಂಜಿನ್ ರೇಸ್ ಆಗುತ್ತಲೇ ಇರುತ್ತದೆ. ಮಂಜು ಕವಿದ ಚಾರ್ಮಾಡಿಯಲ್ಲಿ ಅದು ಆಗಕೂಡದು.

ನಾಳೆ ಹಗಲಲ್ಲಿ ಒಂದು ಪರೀಕ್ಷೆ ಮಾಡಿಸಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು, ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಸೀಸದ ಕಂಬಕ್ಕೇ ಒತ್ತಿ ಹಿಡಿಯಬೇಕು, ಕ್ಲ್ಯಾಂಪಿಗಲ್ಲ. ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಬರಿ ಲೋಹಕ್ಕೆ ಒತ್ತಿ, ಬೇರೊಬ್ಬರು ಮೂರು ಸೆಕೆಂಡು ಮಾತ್ರ ಸೆಲ್ಫ್ ಹೊಡೆಯಲಿ. ಮಲ್ಟಿಮೀಟರಿನ ರೀಡಿಂಗ್ 0.3 ವೋಲ್ಟ್‌ನ ಒಳಗಿರಬೇಕು. 0.5 ದಾಟಿದರೆ ಅರ್ಥಿಂಗ್ ಕೆಟ್ಟಿದೆ. ಆಗ ಜಂಪರ್ ಕೇಬಲ್‌ನ ಒಂದು ತುದಿಯನ್ನು ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದನ್ನು ಎಂಜಿನ್ನಿಗೆ ಕಚ್ಚಿಸಿ ಮತ್ತೆ ಅಳೆಯಿರಿ. ರೀಡಿಂಗ್ ಇಳಿದು ಎಂಜಿನ್ ಚುರುಕಾಗಿ ತಿರುಗಿದರೆ ಸಂಶಯ ಉಳಿಯುವುದಿಲ್ಲ. ಏನು ಬಂತೆಂದು ಇಲ್ಲೇ ಬರೆಯಿರಿ.

ಹೊಳೆನರಸೀಪುರದ ಸದಸ್ಯರು: ನನ್ನ ಕಾಂಟೆಸ್ಸಾ ಕಾರಿನ ಗಡಿಯಾರ ಮಧ್ಯೆ ಮಧ್ಯೆ ನಿಲ್ಲುತ್ತದೆ. ದಯವಿಟ್ಟು ತಿಳಿಸಿ.

ಚನ್ನರಾಯಪಟ್ಟಣದ ಸದಸ್ಯರು: ಎಲ್ಲರಿಗೂ ಉಪಯೋಗವಾಗಲಿ ಎಂದು ಬೇರೆ ಗುಂಪಿನಿಂದ ಬಂದದ್ದನ್ನು ಕಳುಹಿಸುತ್ತಿದ್ದೇನೆ. “ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಹಾಕಿ. ಬ್ಯಾಟರಿ ವೀಕ್ ಇದ್ದರೆ ಪ್ರತಿ ಸೆಲ್ಲಿಗೆ ಒಂದು ಆಸ್ಪಿರಿನ್ ಮಾತ್ರೆ ಹಾಕಿ.”

ಎಲೆಕ್ಟ್ರಿಷಿಯನ್: ಇವೆರಡನ್ನೂ ಯಾರೂ ಮಾಡಬೇಡಿ. ಫ್ಯೂಸ್ ಇರುವುದು ವೈರು ಕಾಯುವ ಮೊದಲೇ ತಾನು ಕಡಿದುಕೊಳ್ಳಲು. ಬೆಳ್ಳಿ ಕಾಗದ ಸುತ್ತಿದರೆ ಫ್ಯೂಸಿನ ಬದಲು ನಿಮ್ಮ ಕಾಲಿನ ಮೇಲ್ಗಡೆ ಬೋರ್ಡ್ ಹಿಂದಿರುವ ವೈರಿನ ಕಟ್ಟು ಸುಡುತ್ತದೆ. ಅಂಥ ಒಂದು ಕಾರು ಕಳೆದ ಮಳೆಗಾಲದಲ್ಲಿ ನನ್ನ ಅಂಗಡಿಗೆ ಬಂದಿತ್ತು; ಹನ್ನೆರಡು ವೈರುಗಳು ಒಂದಕ್ಕೊಂದು ಕರಗಿ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿದ್ದವು. ಆಸ್ಪಿರಿನ್ ಬ್ಯಾಟರಿಯೊಳಗೆ ಅಸಿಟಿಕ್ ಆಮ್ಲವಾಗಿ ಸೀಸದ ಪ್ಲೇಟುಗಳನ್ನೇ ತಿನ್ನುತ್ತದೆ. ಓದಿ ನೋಡದೆ ಕಳುಹಿಸಬೇಡಿ.

ಚನ್ನರಾಯಪಟ್ಟಣದ ಸದಸ್ಯರು: ಒಳ್ಳೆಯ ಉದ್ದೇಶದಿಂದ ಕಳುಹಿಸಿದೆ ಸರ್, ಇಷ್ಟು ಗಡುಸಾಗಿ ಹೇಳುವ ಅಗತ್ಯವಿರಲಿಲ್ಲ.

ಆಲೂರಿನ ಸದಸ್ಯರು: ಸರ್, 1995ರ ಕಾರಿನ ಮೀಟರ್ ಬಲ್ಬುಗಳನ್ನೆಲ್ಲ ತೆಗೆದು ಎಲ್‌ಇಡಿ ಹಾಕಿಸಿದೆ, ಬ್ಯಾಟರಿ ಚಿಹ್ನೆಯ ಕೆಂಪು ದೀಪಕ್ಕೂ ಸಹ. ಅಂದಿನಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿ ಜೋರಾಗಿ ರೇಸ್ ಕೊಡುವವರೆಗೂ ಚಾರ್ಜ್ ಆಗುವುದಿಲ್ಲ.

ಚಿಕ್ಕಮಗಳೂರಿನ ಸದಸ್ಯರು: ಎಲ್‌ಇಡಿಗೂ ಚಾರ್ಜಿಂಗಿಗೂ ಸಂಬಂಧವಿಲ್ಲ. ನಾನು ಎರಡು ಕಾರಿಗೆ ಹಾಕಿಸಿದ್ದೇನೆ, ಏನೂ ಆಗಿಲ್ಲ. ಬ್ಯಾಟರಿ ಚಾರ್ಜ್ ಮಾಡುವ ನಿಮ್ಮ ಆಲ್ಟರ್ನೇಟರಿನ ಬ್ರಷ್ ಸವೆದಿದೆ.

ಆಲೂರಿನ ಸದಸ್ಯರು: ಹಳೆಯ ಬಲ್ಬು ಮತ್ತೆ ಹಾಕಿದರೆ ಸರಿಯಾಗುತ್ತದೆ. ನಾನೇ ನೋಡಿ ಹೇಳುತ್ತಿದ್ದೇನೆ.

ಚಿಕ್ಕಮಗಳೂರಿನ ಸದಸ್ಯರು: ಬಲ್ಬು ಬದಲಿಸಿದರೆ ಆಲ್ಟರ್ನೇಟರ್ ರಿಪೇರಿಯಾಗುತ್ತದೆ ಎಂಬುದನ್ನು ಇಂದೇ ಕೇಳಿದ್ದು. ಗೊತ್ತಿಲ್ಲದಿದ್ದರೆ ಸುಮ್ಮನಿರುವುದು ಒಳ್ಳೆಯದು.

ಆಲೂರಿನ ಸದಸ್ಯರು: ಪ್ರಶ್ನೆ ಕೇಳಿದ್ದು ನಿಮ್ಮನ್ನಲ್ಲ. ಕಾರು ನನ್ನದು, ಬೆಳಿಗ್ಗೆ ಸ್ಟಾರ್ಟ್ ಮಾಡುವವನೂ ನಾನು.

ಎಲೆಕ್ಟ್ರಿಷಿಯನ್: ಆಲೂರಿನವರು ಕಂಡದ್ದು ನಿಜ. ಹಳೆಯ ಅನೇಕ ಆಲ್ಟರ್ನೇಟರ್‌ಗಳು ಕೆಲಸ ಆರಂಭಿಸಲು ಬೇಕಾದ ಮೊದಲ ಕರೆಂಟನ್ನು ಆ ಕೆಂಪು ದೀಪದ ಮೂಲಕವೇ ಪಡೆಯುತ್ತವೆ. 3 ವಾಟ್‌ನ ಬಲ್ಬಿನಲ್ಲಿ ಕಾಲು ಆಂಪಿಯರ್ ಹರಿಯುತ್ತದೆ. ಎಲ್‌ಇಡಿಯಲ್ಲಿ ಅದರ ಹತ್ತನೇ ಒಂದು ಭಾಗವೂ ಹರಿಯದಿರಬಹುದು. ದೀಪಕ್ಕೆ ಜೊತೆಯಾಗಿ, ಕರೆಂಟಿಗೆ ಇನ್ನೊಂದು ದಾರಿಯಾಗಿ ರೆಸಿಸ್ಟರ್ ಇರುವ ಬೋರ್ಡುಗಳಲ್ಲಿ ಈ ತೊಂದರೆ ಬರುವುದಿಲ್ಲ, ಚಿಕ್ಕಮಗಳೂರಿನವರ ಕಾರುಗಳಲ್ಲಿ ಹಾಗಿರಬಹುದು. ಆ ಒಂದು ಜಾಗಕ್ಕೆ ಹಳೆಯ ಬಲ್ಬನ್ನೇ ಹಾಕಿ, ಉಳಿದೆಡೆ ಎಲ್‌ಇಡಿ ಇರಲಿ. ವಾದ ಇಲ್ಲಿಗೆ ಸಾಕು.

ಚಿಕ್ಕಮಗಳೂರಿನ ಸದಸ್ಯರು: ಇರಬಹುದು ಎಂದರೆ ಖಚಿತವಿಲ್ಲ ಎಂದಾಯಿತು.

ತರೀಕೆರೆಯ ಸದಸ್ಯರು: ಇಂಡಿಕೇಟರ್ ಹಾಕಿದರೆ ಮೀಟರ್ ದೀಪವೂ ಅದರ ಜೊತೆಗೇ ಮಿಣುಕುತ್ತದೆ. ಯಾಕೆ?

ಎಲೆಕ್ಟ್ರಿಷಿಯನ್: ಮೀಟರ್ ಬೋರ್ಡಿನ ಅರ್ಥಿಂಗ್ ವೈರು ಸಡಿಲವಾಗಿದೆ. ಸ್ಕ್ರೂ ಬಿಚ್ಚಿ, ಉಜ್ಜಿ, ಬಿಗಿ ಮಾಡಿ.

ಸಕಲೇಶಪುರದ ಸದಸ್ಯರು: ತೋಟದ ಶೆಡ್ಡಿನಲ್ಲಿ ಇಲಿಗಳು ವೈರು ಕಡಿಯುತ್ತವೆ. ಹೊಗೆಸೊಪ್ಪು ಕಟ್ಟಿ ಇಟ್ಟರೆ ಬರುವುದಿಲ್ಲವಂತೆ, ಹೌದೆ?

ಅರಕಲಗೂಡಿನ ಸದಸ್ಯರು: ಮಾರುತಿ 800, ಮೀಟರ್ ದೀಪ ಇಲ್ಲ, ಪರಿಹಾರ ತಿಳಿಸಿ.

ಎಲೆಕ್ಟ್ರಿಷಿಯನ್: ದಯವಿಟ್ಟು ಮೇಲಿನಿಂದ ಓದಿ. ಮೂರನೆಯ ಸಲ ಬರೆಯಲಾರೆ.

ಮೂಡಿಗೆರೆಯ ಸದಸ್ಯೆ (ಮರುದಿನ ಮಧ್ಯಾಹ್ನ): ನೀವು ಹೇಳಿದಂತೆ ಅಳೆಸಿದೆವು, ಮಲ್ಟಿಮೀಟರ್ 2.1 ವೋಲ್ಟ್ ತೋರಿಸಿತು. ಜಂಪರ್ ಕೇಬಲ್ ಕಚ್ಚಿಸಿದಾಗ 0.2ಕ್ಕೆ ಇಳಿಯಿತು, ಸೆಲ್ಫ್ ಒಂದೇ ಸಲಕ್ಕೆ ತಿರುಗಿತು. ಹುಡುಕಿದಾಗ ಗೇರ್ ಬಾಕ್ಸ್ ಬಳಿ ಹೆಣೆದ ತಾಮ್ರದ ಪಟ್ಟಿ ಸಿಕ್ಕಿತು. ಹಸಿರು ಕಿಲುಬು ಹಿಡಿದು, ನಾಲ್ಕೈದು ಎಳೆ ಮಾತ್ರ ಉಳಿದಿತ್ತು, ಕೈ ತಾಗಿಸಿದರೆ ಪುಡಿಯಾಗಿ ಉದುರಿತು. ಹೊಸ ಪಟ್ಟಿ ಹಾಕಿಸಿದರೆ ಭಾನುವಾರ ಹೊರಡಬಹುದೆ?

ಎಲೆಕ್ಟ್ರಿಷಿಯನ್: ಬಹಳ ಒಳ್ಳೆಯ ಕೆಲಸ ಮಾಡಿದಿರಿ ಮೇಡಂ. ಪಟ್ಟಿ ಕೂರುವ ಎರಡೂ ಜಾಗವನ್ನು ಉಪ್ಪು ಕಾಗದದಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿಸಿ, ಬೋಲ್ಟ್ ಬಿಗಿದ ಮೇಲೆ ಹೊರಗಡೆ ಗ್ರೀಸ್ ಸವರಿಸಿ. ನಿಮ್ಮ ಕಡೆಯ ಮಳೆಗೆ ಅದು ಬೇಕು. ಆದರೆ ಪಟ್ಟಿ ಹೊಸದಾದ ಮಾತ್ರಕ್ಕೆ ಕರಗಿದ ಕೇಬಲ್ ಸರಿಹೋಗುವುದಿಲ್ಲ. ಆಕ್ಸಿಲರೇಟರ್ ಮತ್ತು ಚೋಕ್ ಕೇಬಲ್ ಎರಡನ್ನೂ ಹೊಸದಾಗಿ ಹಾಕಿಸಿ, ಕ್ಲಚ್ ಕೇಬಲ್ ಬಿಚ್ಚಿ ನೋಡಿಸಿ. ಎಂಜಿನ್ ನಿಂತಿರುವಾಗ ಆಕ್ಸಿಲರೇಟರ್ ಪೆಡಲನ್ನು ಪೂರ್ತಿ ಒತ್ತಿ ಬಿಡಿ. ಹತ್ತು ಸಲವೂ ಅದು ತಾನಾಗಿ ಥಟ್ಟನೆ ಮೇಲೆ ಬಂದರೆ ಹೊರಡಿ. ಒಂದು ಸಲ ತಡೆದರೂ ಭಾನುವಾರ ಬಸ್ಸಿನಲ್ಲಿ ಹೋಗಿ.