ಚರ್ಚಿನ ಗೋಡೆಬರಹ: ‘ನಂಬಿಕೆಯಿಂದ ಮೋಕ್ಷ’ ಎನ್ನಬಹುದೇ?

ಮಾನ್ಯರೇ,

ನಿಮ್ಮ ಚರ್ಚಿನ ಗೋಡೆಯ ಮೇಲೆ ‘ನಂಬಿಕೆಯಿಂದ ಮೋಕ್ಷ’ ಎಂದು ಬರೆಸಬಹುದೇ ಎಂದು ಕೇಳಿದ್ದೀರಿ. ನಾಳೆ ಬೆಳಿಗ್ಗೆಯೇ ಬಣ್ಣದವರು ಬರುತ್ತಾರೆಂದೂ ಬರೆದಿದ್ದೀರಿ, ಆದ್ದರಿಂದ ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಮ್ಮದು ಪ್ರೊಟೆಸ್ಟೆಂಟ್ ಸಭೆಯಾದ್ದರಿಂದ ‘ಕೃಪೆಯಿಂದಲೇ ನಂಬಿಕೆಯ ಮೂಲಕ ರಕ್ಷಣೆ’ ಎಂದು ಬರೆಸಿ. ‘ನಂಬಿಕೆಯಿಂದ ಮೋಕ್ಷ’ ಖಂಡಿತ ಬೇಡ.

ಇದುವರೆಗೆ ಉತ್ತರಿಸಿದವರೆಲ್ಲ ನಾಮಪದಗಳನ್ನೇ ಹಿಡಿದು ಜಗ್ಗಾಡಿದ್ದಾರೆ; ವಿಭಕ್ತಿಯನ್ನು ಯಾರೂ ನೋಡಲಿಲ್ಲ. ಬೈಬಲ್ಲಿನಲ್ಲಿ ಪೌಲನು ಎಫೆಸದವರಿಗೆ ಬರೆದ ಪತ್ರದ 2:8ರ ಗ್ರೀಕ್ ಮೂಲದಲ್ಲಿ ಕೃಪೆಯನ್ನು ಹೇಳುವ ‘ಖಾರಿಸ್’, ‘ಮೂಲಕ’ದಂಥ ಯಾವ ಪದದ ಆಸರೆಯೂ ಇಲ್ಲದೆ, ಬರಿಯ ವಿಭಕ್ತಿಯಲ್ಲಿ ನಿಂತಿದೆ. ನಂಬಿಕೆಯನ್ನು ಹೇಳುವ ‘ಪಿಸ್ತಿಸ್’ಗೆ ಮಾತ್ರ ‘ಮೂಲಕ’ ಎಂಬರ್ಥದ ‘ದಿಯಾ’ ಬಂದಿದೆ. ನಮ್ಮಲ್ಲಿ ‘ವೈದ್ಯರಿಂದ ಗುಣವಾಯಿತು’ ಎಂದರೂ ‘ಔಷಧದಿಂದ ಗುಣವಾಯಿತು’ ಎಂದರೂ ಪ್ರತ್ಯಯ ಒಂದೇ ಆಗಿರುವುದರಿಂದ, ಕೃಪೆಯನ್ನು ಬಿಟ್ಟು ‘ನಂಬಿಕೆಯಿಂದ’ ಎಂದಷ್ಟೇ ಬರೆದರೆ ನಂಬಿಕೆಯೇ ರಕ್ಷಣೆಯನ್ನು ಗಳಿಸಿಕೊಡುವ ಪುಣ್ಯಕಾರ್ಯದಂತೆ ಕೇಳಿಸುತ್ತದೆ. ರಕ್ಷಣೆ ಪುಣ್ಯಕಾರ್ಯಗಳಿಂದ ಬಂದದ್ದಲ್ಲವೆಂದು ಮುಂದಿನ ವಚನವೇ ಅದನ್ನು ಅಲ್ಲಗಳೆಯುತ್ತದೆ.

‘ಕೃಪೆಯಿಂದಲೇ’ ಎಂಬುದರ ‘ಲೇ’ಯನ್ನು ಬಿಡಬೇಡಿ. ಪ್ರೊಟೆಸ್ಟೆಂಟ್ ಸುಧಾರಣೆಯ ಮುಂದಾಳು ಮಾರ್ಟಿನ್ ಲೂಥರ್ 1522ರ ತನ್ನ ಜರ್ಮನ್ ಅನುವಾದದಲ್ಲಿ, ರೋಮಾಪುರದವರಿಗೆ ಬರೆದ ಪತ್ರದ 3:28ರಲ್ಲಿ, ಮೂಲದಲ್ಲಿಲ್ಲದ ‘ಮಾತ್ರ’ ಎಂಬರ್ಥದ ಪದವನ್ನು ಸೇರಿಸಿದ್ದಕ್ಕೆ ಟೀಕೆ ಎದುರಿಸಿ, ಅದು ಜರ್ಮನ್ ಭಾಷೆಯ ಜಾಯಮಾನವೆಂದು 1530ರಲ್ಲಿ ಸಮರ್ಥಿಸಿಕೊಳ್ಳಬೇಕಾಯಿತು. ಅಲ್ಲಿ ಅವನು ನಂಬಿಕೆಗೆ ಒತ್ತು ಕೊಟ್ಟ. ನಿಮ್ಮ ಸಾಲಿನಲ್ಲಿ ಒತ್ತು ಬೀಳಬೇಕಾದದ್ದು ಕೃಪೆಯ ಮೇಲೆ, ಅದಕ್ಕೆ ಕನ್ನಡದ ಒಂದು ಏಕಾರ ಸಾಕು.

‘ಮೋಕ್ಷ’ವೆಂದರೆ ಕನ್ನಡ ಓದುಗರಿಗೆ ಹುಟ್ಟುಸಾವುಗಳ ಸುತ್ತಿನಿಂದ ಬಿಡುಗಡೆ, ಕ್ರೈಸ್ತ ಬೋಧನೆಯ ಮಾತು ಪಾಪದಿಂದ ಬಿಡುಗಡೆಯದು. ಕಥೋಲಿಕರ ‘ವಿಶ್ವಾಸ’, ‘ವರಪ್ರಸಾದ’, ‘ಜೀವೋದ್ಧಾರ’ಗಳೂ ಒಳ್ಳೆಯ ಪದಗಳೇ, ಆದರೆ ನಿಮ್ಮ ಸಭೆಯ ಕಿವಿಗೆ ರೂಢಿಯಾದವಲ್ಲ.

ಇನ್ನು ‘ಕೃಪೆ’ ಸಂಸ್ಕೃತದ್ದು, ‘ಒಲುಮೆ’ ಎನ್ನಿ ಎಂದ ಹಿರಿಯರಿಗೆ ಒಂದು ಮಾತು. ಶರಣರ ವಚನಗಳಲ್ಲಿ ದೇವರು ಒಲಿಯುತ್ತಾನೆ, ಒಪ್ಪಿದೆ. ಆದರೆ ಕನ್ನಡದಲ್ಲಿ ಒಲಿಯುವುದರ ಜೊತೆಗೇ ಒಲಿಸಿಕೊಳ್ಳುವುದೂ ಇದೆಯಲ್ಲ! ಪೂಜೆಯಿಂದಲೋ ತಪಸ್ಸಿನಿಂದಲೋ ಒಲಿಸಿಕೊಳ್ಳಬಹುದಾದದ್ದು ಪೌಲನು ಹೇಳುವ ಕೃಪೆಯಲ್ಲ. ‘ನಂಬಿಕೆ’ ಅಚ್ಚಗನ್ನಡ, ‘ಕೃಪೆ’ ಎರವಲು. ಎರಡೂ ಒಂದೇ ಸಾಲಿನಲ್ಲಿ ಸೊಗಸಾಗಿ ಕೂರುತ್ತವೆ. ಎರವಲೆಂಬ ಒಂದೇ ಕಾರಣಕ್ಕೆ, ಜನರ ಪ್ರಾರ್ಥನೆಯಲ್ಲಿ ಬೇರೂರಿದ ಪದವನ್ನು ಕೀಳುವುದು ಭಾಷಾಭಿಮಾನವಲ್ಲ.

ಬಣ್ಣದವರಿಗೆ ‘ಕೃ’ವನ್ನು ಕಾಗದದಲ್ಲಿ ದೊಡ್ಡದಾಗಿ ಬರೆದುಕೊಡಿ. ‘ಕ್ರಪೆ’ ಎಂದು ಬರೆದ ಗೋಡೆಗಳನ್ನು ಬೇಕಾದಷ್ಟು ನೋಡಿದ್ದೇನೆ.