ಗ್ಲುಟನ್ ಇಲ್ಲದ ಮಿನೆಸ್ಟ್ರೋನೆ ಸೂಪ್‌ಗೆ ಪಾಸ್ತಾ ಬದಲು ಏನು ಹಾಕೋದು?

ಪ್ರಶ್ನೆ:
ಮಗಳಿಗೆ ಸೀಲಿಯಾಕ್ (ಗೋಧಿಯಂಥ ಕಾಳಲ್ಲಿರೋ ಗ್ಲುಟನ್ ಅನ್ನೋ ಪ್ರೋಟೀನ್ ಒಗ್ಗದ ಕಾಯಿಲೆ) ಅಂತ ಗೊತ್ತಾದ್ಮೇಲೆ ಮನೇಲಿ ಗೋಧಿ ಪೂರ್ತಿ ನಿಲ್ಸಿದೀವಿ, ಅವಳಿಗೆ ಮಿನೆಸ್ಟ್ರೋನೆ (ಇಟಲಿಯ ತರಕಾರಿ ಸೂಪ್) ಅಂದ್ರೆ ಪ್ರಾಣ, ಮೊನ್ನೆ ಮೆಕ್ಕೆಜೋಳದ ಪಾಸ್ತಾ ತಂದು ಹಾಕ್ದೆ, ಸ್ವಲ್ಪ ಹೊತ್ತಿಗೇ ಕರಗಿ ಸೂಪೆಲ್ಲಾ ಗಂಜಿ ಥರ ಆಗೋಯ್ತು, ಎರಡು ಚಮಚ ತಿಂದು ಬಟ್ಟಲು ತಳ್ಬಿಟ್ಲು. ಏನ್ಮಾಡ್ಲಿ?

ಉತ್ತರ 1:
ಪಾಸ್ತಾನೇ ಬೇಕಂತಿಲ್ಲ ಮೇಡಂ, ಮಿಲಾನ್ ಕಡೆ ಇದಕ್ಕೆ ಅಕ್ಕೀನೇ ಹಾಕ್ತಾರೆ. 1 ಕಪ್ ರಾಜ್ಮಾ ರಾತ್ರಿ ನೆನೆಹಾಕಿ ಬೆಳಿಗ್ಗೆ ಕುಕ್ಕರಲ್ಲಿ ಮೆತ್ತಗೆ ಬೇಯಿಸ್ಕೊಳ್ಳಿ. ಈರುಳ್ಳಿ, ಕ್ಯಾರೆಟ್, ಸೆಲರಿ ಸಣ್ಣಗೆ ಹೆಚ್ಚಿ ಆಲಿವ್ ಎಣ್ಣೇಲಿ ಸಣ್ಣ ಉರೀಲಿ 15 ನಿಮಿಷ ಬಾಡಿಸಿ, ಅವಸರ ಮಾಡ್ಬೇಡಿ, ರುಚಿ ಬರೋದೇ ಅಲ್ಲಿ. ಆಮೇಲೆ ಬೆಳ್ಳುಳ್ಳಿ, ಟೊಮೇಟೊ, ಬೀನ್ಸ್, ಎಲೆಕೋಸು, ರಾಜ್ಮಾ, ನೀರು. ತರಕಾರಿ ಅರ್ಧ ಬೆಂದ್ಮೇಲೆ ಕಾಲು ಕಪ್ ಅಕ್ಕಿ ಹಾಕಿ ಬೇಯಿಸಿ. ಒಂದು ಹಿಡಿ ರಾಜ್ಮಾ ಕಿವುಚಿ ಸೇರಿಸಿದ್ರೆ ಹದವಾಗಿ ಮಂದ ಆಗುತ್ತೆ.

ಉತ್ತರ 2:
ಪಾಸ್ತಾ ಬೇಕೇ ಬೇಕು ಅಂತ ಹಟ ಮಾಡಿದ್ರೆ ಬೇರೆ ಪಾತ್ರೇಲಿ ಬೇಯಿಸಿ, ಬಟ್ಟಲಿಗೆ ಹಾಕಿ ಮೇಲೆ ಸೂಪ್ ಬಡಿಸಿ, ಕರಗಲ್ಲ.

ಉತ್ತರ 3:
ಬಾರ್ಲಿ ಮಾತ್ರ ಹಾಕ್ಬೇಡಿ ಅಕ್ಕ, ಅದ್ರಲ್ಲೂ ಗ್ಲುಟನ್ ಇದೆ. ಸೂಪ್ ರುಚಿಗೆ ಹಾಕೋ ಸ್ಟಾಕ್ ಕ್ಯೂಬ್ ಪ್ಯಾಕೆಟ್ ಹಿಂದೆ ಓದಿ, ಕೆಲವಕ್ಕೆ ಗೋಧಿ ಸೇರಿಸಿರ್ತಾರೆ. ಹಾಗೇ ಸಾರಿಗೆ ಹಾಕೋ ಇಂಗಿನ ಡಬ್ಬಿನೂ ನೋಡಿ, ಎಷ್ಟೋ ಇಂಗಿಗೆ ಗೋಧಿ ಹಿಟ್ಟು ಬೆರೆಸಿರುತ್ತೆ, ನಮಗದು ಗೊತ್ತಿಲ್ದೆ ಮೂರು ತಿಂಗಳು ಮಗನ ಹೊಟ್ಟೆನೋವು ನಿಲ್ಲಲೇ ಇಲ್ಲ.

ಪ್ರಶ್ನೆ ಕೇಳಿದವರು:
ಈಗ್ಲೇ ಡಬ್ಬಿ ತಿರುಗಿಸಿ ನೋಡ್ದೆ, ಗೋಧಿ ಹಿಟ್ಟು ಅಂತ ಬರ್ದಿದೆ! ತುಂಬಾ ಥ್ಯಾಂಕ್ಸ್, ರಾಜ್ಮಾ ನೆನೆಹಾಕಿದೀನಿ.